ಮಗನ ಮಾತನ್ನು ಯಾರಲ್ಲಿ ಹೇಳಬೇಕು?

ಮನೆಯಲ್ಲಿ ಬೆಳೆದ ಹುಡುಗನು ಒಂದೇ ದಿನದಲ್ಲಿ ಉಗ್ರಪಂಥದವನಾಗುವುದಿಲ್ಲ. ಮೊದಲು ಹಳೆಯ ಗೆಳೆಯರನ್ನು ಬಿಡುತ್ತಾನೆ. ಊಟಕ್ಕೆ ಕುಳಿತಾಗ ಮಾತು ಕಡಿಮೆಯಾಗುತ್ತದೆ. ಅನಂತರ ಆಡುವ ಮಾತೆಲ್ಲವೂ 'ನಾವು', 'ಅವರು' ಎಂಬ ಎರಡು ಸರ್ವನಾಮಗಳಲ್ಲಿ ಅಡಗಿಹೋಗುತ್ತದೆ. ಇದನ್ನು ಮೊದಲು ಕಾಣುವವಳು ತಾಯಿ. ಎರಡನೆಯವನು, ಕಣ್ಣಿದ್ದವನಾದರೆ, ಉಪಾಧ್ಯಾಯ. ಸರಕಾರವು ಕಾಣುವುದು ಎಲ್ಲರಿಗಿಂತ ಕಡೆಗೆ. ಆದರೆ ಕಂಡ ತಾಯಿಯು ಯಾರಲ್ಲಿ ಹೋಗಿ ಹೇಳಬೇಕು? ಪೋಲೀಸರಲ್ಲಿ ಹೇಳಿದರೆ ಮಗನನ್ನು ತನ್ನ ಕೈಯಿಂದಲೇ ಸೆರೆಮನೆಗೆ ನೂಕಿದಂತಾದೀತೆಂಬ ಭಯ. ಹೇಳದಿದ್ದರೆ ಅವನೂ ಹೋಗಿ, ಅವನಿಂದ ಇತರರ ಮಕ್ಕಳೂ ಹೋದಾರೆಂಬ ಭಯ. ಈ ಎರಡು ಭಯಗಳ ನಡುವೆ ಸಿಕ್ಕಿದ ಗೃಹಸ್ಥರಿಗಾಗಿ ಒಂದು ಊರಿನವರು ಮಾಡಿದ ಏರ್ಪಾಡನ್ನು ಈ ತಿಂಗಳು ವಾಚಕರ ಮುಂದಿಡಬೇಕೆಂದಿದ್ದೇನೆ.

ಆ ಊರು ಡೆನ್ಮಾರ್ಕು ದೇಶದ ಆರ್ಹೂಸ್. ಜಟ್ಲೆಂಡ್ ಪರ್ಯಾಯದ್ವೀಪದ ಪೂರ್ವತೀರದ ರೇವುಪಟ್ಟಣ. ರಾಜಧಾನಿಯಾದ ಕೋಪನ್‌ಹೇಗನ್ನನ್ನು ಬಿಟ್ಟರೆ ಆ ದೇಶದಲ್ಲಿ ಇದೇ ದೊಡ್ಡದು. ಅರಬ್, ಸೋಮಾಲಿ, ತುರ್ಕಿ ಮೂಲದ ಸಂಸಾರಗಳು ಅಲ್ಲಿ ಬಹುಕಾಲದಿಂದ ನೆಲೆಸಿವೆ. ಸಿರಿಯಾದಲ್ಲಿ ಅಂತರ್ಯುದ್ಧವು ಹತ್ತಿಕೊಂಡ ಮೇಲೆ, ೨೦೧೩ನೆಯ ಇಸವಿಯು ಮುಗಿಯುವುದರೊಳಗೆ, ಈ ಒಂದು ಊರಿನಿಂದಲೇ ಸುಮಾರು ೩೦ ಮಂದಿ ತರುಣರು ಅಲ್ಲಿಗೆ ಹೊರಟುಹೋಗಿದ್ದರು. ಕೆಲವರು ಅಲ್ಲಿಯೇ ಮಡಿದರು.

ಆರ್ಹೂಸಿನವರು ಆಗ ಹೊಸದಾಗಿ ಎಚ್ಚತ್ತವರೇನೂ ಅಲ್ಲ. ಶಾಲೆಯವರು, ಪುರಸಭೆಯ ಸಮಾಜಸೇವಾ ಇಲಾಖೆಯವರು, ಪೋಲೀಸಿನವರು—ಈ ಮೂವರೂ ಒಂದೆಡೆ ಕುಳಿತು ದಾರಿತಪ್ಪುತ್ತಿರುವ ಮಕ್ಕಳ ವಿಚಾರವನ್ನು ಮಾತನಾಡುವ ಪದ್ಧತಿಯು ಡೆನ್ಮಾರ್ಕಿನಲ್ಲಿ ೧೯೭೦ರ ದಶಕದಿಂದ ನಡೆದುಬಂದಿದೆ. ಕಳ್ಳತನ, ಅಮಲು ಪದಾರ್ಥ ಮುಂತಾದುವಕ್ಕಾಗಿ ಹುಟ್ಟಿದ ಏರ್ಪಾಡು ಅದು. ೨೦೦೫ರ ಜುಲೈ ತಿಂಗಳಲ್ಲಿ ಲಂಡನ್ನಿನ ರೈಲು, ಬಸ್ಸುಗಳಲ್ಲಿ ಬಾಂಬು ಸಿಡಿಸಿದವರು ಹೊರಗಿನ ಶತ್ರುಗಳಲ್ಲ, ಇಂಗ್ಲೆಂಡಿನಲ್ಲಿಯೇ ಬೆಳೆದ ತರುಣರು ಎಂದು ತಿಳಿದಾಗ ಯೂರೋಪಿಗೆಲ್ಲ ದಿಗಿಲು ಹಿಡಿಯಿತು. ೨೦೦೭ರ ಸುಮಾರಿಗೆ ಆರ್ಹೂಸಿನ ಪುರಸಭೆಯೂ ಪೂರ್ವ ಜಟ್ಲೆಂಡಿನ ಪೋಲೀಸರೂ ತಮ್ಮ ಹಳೆಯ ಏರ್ಪಾಡನ್ನೇ ಈ ಹೊಸ ರೋಗಕ್ಕೂ ಉಪಯೋಗಿಸತೊಡಗಿದರು.

ಹೀಗೆ ಅಲ್ಲೊಂದು 'ಮಾಹಿತಿಯ ಮನೆ' ಏರ್ಪಟ್ಟಿತು. ತಾಯಿತಂದೆಗಳಾಗಲಿ ಉಪಾಧ್ಯಾಯರಾಗಲಿ ಅಲ್ಲಿಗೆ ಟೆಲಿಫೋನು ಮಾಡಿ ತಮ್ಮ ಸಂಶಯವನ್ನು ಹೇಳಬಹುದು. ಅದನ್ನು ತೂಗಿನೋಡುವವರಲ್ಲಿ ಪೋಲೀಸರು ಮಾತ್ರವಲ್ಲದೆ ಪುರಸಭೆಯವರೂ ಇರುತ್ತಾರೆ. ಹುಡುಗನಿಗೆ ಬಂದಿರುವುದು ಹೊಸ ದೈವಭಕ್ತಿಯೋ, ವಯೋಧರ್ಮದ ಮೊಂಡುತನವೋ, ಹಿಂಸೆಯ ಸಂಕಲ್ಪವೋ ಎಂಬುದು ಮೊದಲನೆಯ ವಿಚಾರ. ಗಡ್ಡ ಬಿಟ್ಟುದು, ಐದು ಹೊತ್ತು ನಮಾಜು ಮಾಡತೊಡಗಿದುದು, ಸರಕಾರವನ್ನು ಬೈದುದು—ಇವು ಯಾವುವೂ ಅಪರಾಧಗಳಲ್ಲ, ಇಷ್ಟರಿಂದಲೇ ಯಾರನ್ನೂ ಅಪಾಯಕಾರಿಯೆನ್ನಲಾಗದು ಎಂದು ಅವರು ಹಿಡಿದಿರುವ ನಿಲುವು ನನಗೆ ಬಹಳ ಒಪ್ಪಿಗೆಯಾಯಿತು. ಬಿಳಿಯ ಜನಾಂಗವೇ ಶ್ರೇಷ್ಠವೆಂದು ಸಾರುವ ಗುಂಪುಗಳಿಗೆ ಸೇರಿದ ಹುಡುಗರಿಗೂ ಇದೇ ಬಾಗಿಲು. ಅಪಾಯವು ನಿಜವೆಂದು ಕಂಡುಬಂದರೆ ಆ ತರುಣನಿಗೆ ತರಬೇತಾದ ಹಿರಿಯನೊಬ್ಬನನ್ನು ಜೊತೆಮಾಡಿ ಕೊಡುತ್ತಾರೆ. ಗುರುವೆನ್ನೋಣವೆ, ಅಣ್ಣನೆನ್ನೋಣವೆ! ಅವನು ಮೇಲಿಂದ ಮೇಲೆ ಹುಡುಗನನ್ನು ಕಂಡು, ಓದು, ಉದ್ಯೋಗ, ಮನೆಯ ಜಗಳ, ದೇವರು, ಯುದ್ಧ ಎಲ್ಲವನ್ನೂ ಮಾತನಾಡುತ್ತಾನೆ. ಸಮಾಜದಲ್ಲಿ ತನಗೊಂದು ಸ್ಥಾನವಿಲ್ಲವೆಂಬ ಕೊರಗೇ ಅನೇಕರನ್ನು ಆ ಕಡೆಗೆ ಎಳೆಯುತ್ತದೆಂಬುದು ಅಲ್ಲಿಯ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞರಾದ ಪ್ರೆಬೆನ್ ಬರ್ಟೆಲ್‌ಸನ್ನರ ಅಭಿಪ್ರಾಯ.

ಇಷ್ಟು ಮಾತ್ರವಾಗಿದ್ದರೆ ನಮ್ಮ ತಾಯಿಯ ಭಯವು ಹೋಗುತ್ತಿರಲಿಲ್ಲ. ಹೇಳಿದ ಮಾತು ನಾಳೆ ನ್ಯಾಯಸ್ಥಾನದಲ್ಲಿ ಮಗನ ಮೇಲೆಯೇ ಸಾಕ್ಷಿಯಾಗಿ ನಿಂತರೆ? ಇದಕ್ಕೆ ಡೆನ್ಮಾರ್ಕಿನ ನ್ಯಾಯಾಡಳಿತ ಶಾಸನದ ೧೧೫ನೆಯ ಕಲಮು ಉತ್ತರ ಕೊಡುತ್ತದೆ. ಅಪರಾಧವನ್ನು ತಡೆಯುವುದಕ್ಕಾಗಿ ಪೋಲೀಸರೂ ಪುರಸಭೆಯವರೂ ಒಬ್ಬರಿಗೊಬ್ಬರು ವಿಷಯವನ್ನು ತಿಳಿಸಬಹುದು. ಆದರೆ ಅಪರಾಧದ ತನಿಖೆಗಾಗಿ ಹಾಗೆ ತಿಳಿಸಕೂಡದು. ಇಷ್ಟೇ ಅದರ ತಾತ್ಪರ್ಯ. ಇಡೀ ಏರ್ಪಾಡಿನ ಪ್ರಾಣವು ಈ ಸಣ್ಣ ನಿಷೇಧದಲ್ಲಿದೆಯೆಂದು ನನ್ನ ಅಭಿಪ್ರಾಯ. ನಮ್ಮ ನೀತಿಶಾಸ್ತ್ರಜ್ಞರು ಸಾಮ, ದಾನ, ಭೇದ, ದಂಡಗಳೆಂಬ ನಾಲ್ಕು ಉಪಾಯಗಳನ್ನು ಹೇಳಿ, ದಂಡವನ್ನು ಕೊನೆಗಿಟ್ಟರು. 'ಉಪಾಯ'ವೆಂಬ ಶಬ್ದಕ್ಕೆ ಮೂಲಾರ್ಥವು 'ಬಳಿಗೆ ಹೋಗುವುದು' ಎಂದು. ಈಗ ಅದು ಕಪಟಕ್ಕೆ ಪರ್ಯಾಯಪದವಾಗಿ ಕುಳಿತಿರುವುದು ಭಾಷೆಯ ದುರದೃಷ್ಟ.

ಬಳಿಗೆ ಹೋಗುವ ಧೈರ್ಯವನ್ನು ಆರ್ಹೂಸಿನವರು ಮತ್ತೊಂದು ಕಡೆಯಲ್ಲಿಯೂ ತೋರಿಸಿದರು. ಸಿರಿಯಾಕ್ಕೆ ಹೋದವರಲ್ಲಿ ಹಲವರು ಗ್ರಿಮ್‌ಹೋಯ್ ಎಂಬ ಮಸೀದಿಗೆ ಹೋಗಿಬರುತ್ತಿದ್ದವರು. ಅದನ್ನು ಮುಚ್ಚಿಸಬೇಕೆಂದು ಕೂಗೆದ್ದಿತು. ಪುರಸಭೆಯವರೂ ಪೋಲೀಸರೂ ಮುಚ್ಚಿಸಲು ಹೊರಡದೆ, ಅಲ್ಲಿಯ ಮುಖಂಡರೊಡನೆ ಎದುರುಬದುರು ಕುಳಿತು ಮಾತಿಗೆ ತೊಡಗಿದರು. ಆ ಮುಖಂಡರ ಅಭಿಪ್ರಾಯಗಳು ಇವರಿಗೆ ಹಿಡಿಸಿದುವೆಂದಲ್ಲ. ೨೦೧೪ರಲ್ಲಿ ಆ ಊರಿನಿಂದ ಸಿರಿಯಾಕ್ಕೆ ಹೋದವನು ಒಬ್ಬನೇ ಎಂದು ಪೋಲೀಸರ ಲೆಕ್ಕ.

ಈ ಕೀರ್ತಿಯೆಲ್ಲವೂ ಸಂಭಾಷಣೆಗೇ ಸಲ್ಲತಕ್ಕದ್ದೆಂದು ನಾನು ವಾದಿಸುವುದಿಲ್ಲ. ಅಲ್ಲಿಯ ಯುದ್ಧದ ಕ್ರೌರ್ಯದ ಸುದ್ದಿಯೂ ಕೆಲವರ ಕಣ್ಣು ತೆರೆಸಿದ್ದೀತು. ಹಿಂದಿರುಗಿದವರಲ್ಲಿ ಅಪರಾಧಕ್ಕೆ ಸಾಕ್ಷ್ಯ ದೊರೆಯದವರಿಗೆ ಓದನ್ನೂ ಉದ್ಯೋಗವನ್ನೂ ದೊರಕಿಸಲು ಪುರಸಭೆಯು ನೆರವಾದಾಗ, ಇದು ಉಗ್ರರನ್ನು ಮುದ್ದಿಸುವುದೆಂದು ಆ ದೇಶದಲ್ಲಿಯೇ ಅನೇಕರು ಆಕ್ಷೇಪಿಸಿದರು. ಆಕ್ಷೇಪಣೆಯು ನಿರಾಧಾರವೆನ್ನುವಂತಿಲ್ಲ. ೨೦೧೫ರ ಫೆಬ್ರವರಿಯಲ್ಲಿ ಕೋಪನ್‌ಹೇಗನ್ನಿನಲ್ಲಿ ಇಬ್ಬರನ್ನು ಕೊಂದ ತರುಣನು ಕೆಲವೇ ದಿನಗಳ ಹಿಂದೆ ಸೆರೆಮನೆಯಿಂದ ಬಿಡುಗಡೆ ಹೊಂದಿದವನು. ಅವನ ಮನಸ್ಸು ಕೆಟ್ಟಿದೆಯೆಂದು ಸೆರೆಮನೆಯವರು ಮೊದಲೇ ಗುಪ್ತಚರ ಇಲಾಖೆಗೆ ತಿಳಿಸಿದ್ದರು. ತಿಳಿಸಿದ ಮಾತನ್ನು ಹಿಡಿದು ನಡೆಯುವವರಿಲ್ಲದಿದ್ದರೆ ಎಷ್ಟು ತಿಳಿದಿದ್ದರೇನು?

ನೆರೆಹೊರೆಯ ವಿಶ್ವಾಸವನ್ನು ಕೇಳದೆಯೇ ಕಾವಲನ್ನು ನಡೆಸಹೊರಟರೆ ಏನಾಗುತ್ತದೆಂಬುದಕ್ಕೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಸಾಕ್ಷಿ. ೨೦೧೦ರಲ್ಲಿ, ಮುಸಲ್ಮಾನರೇ ಹೆಚ್ಚಾಗಿರುವ ಸ್ಪಾರ್ಕ್‌ಬ್ರೂಕ್, ವಾಷ್‌ವುಡ್ ಹೀತ್ ಎಂಬ ಬಡಾವಣೆಗಳ ಸುತ್ತ ಇನ್ನೂರಕ್ಕೂ ಹೆಚ್ಚು ಕ್ಯಾಮೆರಾಗಳನ್ನು ನಿಲ್ಲಿಸಿದರು. ಕೆಲವನ್ನು ಕಣ್ಣಿಗೆ ಕಾಣದಂತೆ ಅಡಗಿಸಿಟ್ಟರು. ಸಾಮಾನ್ಯ ಅಪರಾಧಗಳನ್ನು ತಡೆಯುವುದಕ್ಕೆಂದು ಹೇಳಿದ್ದರು. ಹಣವೋ, ಸುಮಾರು ೩೦ ಲಕ್ಷ ಪೌಂಡು, ಭಯೋತ್ಪಾದನೆಯನ್ನು ಎದುರಿಸುವ ನಿಧಿಯಿಂದ ಬಂದದ್ದು. ಗುಟ್ಟು ಬಯಲಾದೊಡನೆ ನಿವಾಸಿಗಳು ಕೆರಳಿದರು. ೨೦೧೧ರಲ್ಲಿ ಎಲ್ಲವನ್ನೂ ಕಿತ್ತು ತೆಗೆಯಬೇಕಾಯಿತು. ಕಂಬಗಳನ್ನು ಕೀಳುವುದು ಸುಲಭ. ಆ ಬೀದಿಯ ತಾಯಿಯೊಬ್ಬಳು ತನ್ನ ಮಗನ ವಿಚಾರವನ್ನು ಆ ಮೇಲೆ ಪೋಲೀಸರ ಮುಂದೆ ಬಾಯಿಬಿಟ್ಟು ಹೇಳುವಳೆ?

'ಮಾಹಿತಿಯ ಮನೆ'ಗಳು ಈಗ ಡೆನ್ಮಾರ್ಕಿನ ಎಲ್ಲ ಪೋಲೀಸು ಜಿಲ್ಲೆಗಳಲ್ಲಿಯೂ ಇವೆ. ಆರ್ಹೂಸಿನವರು ಇದರ ಜೊತೆಗೆ ತಾಯಿತಂದೆಗಳಿಗಾಗಿಯೇ ಒಂದು ಕೂಟವನ್ನೂ ಏರ್ಪಡಿಸಿದರು. ಮಗನನ್ನು ಕಳೆದುಕೊಂಡವರೂ ಕಳೆದುಕೊಳ್ಳುವೆವೇನೋ ಎಂದು ಅಂಜುವವರೂ ಅಲ್ಲಿ ಕಲೆತು, ದೂರದಲ್ಲಿರುವ ಮಗನು ಟೆಲಿಫೋನು ಮಾಡಿದರೆ ಏನು ಮಾತನಾಡಬೇಕು, ಹೇಗೆ ಕೋಪಿಸಿಕೊಳ್ಳದಿರಬೇಕು ಎಂಬಂಥ ಸಂಗತಿಗಳನ್ನು ತಮ್ಮತಮ್ಮೊಳಗೆ ವಿಚಾರಮಾಡಿಕೊಳ್ಳಬಹುದು.