ವಿಭಾವವಿಲ್ಲದ ಭಯ

ನಮ್ಮ ಲಾಕ್ಷಣಿಕರು ಭಯವನ್ನು ಭಯಾನಕರಸದ ಸ್ಥಾಯಿಭಾವವೆಂದು ಹೇಳಿ, ಅದು ಹುಟ್ಟಲು ವಿಭಾವವೊಂದು ಬೇಕೆಂದು ತಿಳಿಸಿದ್ದಾರೆ. ಪಾಳುಮನೆ, ಕಾಡು, ನರಿ ಗೂಬೆಗಳ ಕೂಗು ಇವುಗಳಲ್ಲಿ ಯಾವುದಾದರೊಂದು ಎದುರಿಗಿದ್ದರೆ ಬೆವರು, ನಡುಕ, ಮೈ ಮರಗಟ್ಟುವುದು, ಮುಖ ಕಂದುವುದು ಎಲ್ಲವೂ ತಾವಾಗಿ ತೋರುತ್ತವೆ. ಆದರೆ ವಿಭಾವವೇ ಇಲ್ಲದೆ ಈ ವಿಕಾರಗಳೆಲ್ಲ ಒಮ್ಮೆಗೇ ಮೈಯನ್ನು ಹಿಡಿದರೆ ಏನೆನ್ನಬೇಕು? ಅದೂ ಕಾರು ಓಡಿಸುತ್ತಿರುವಾಗ? ಮನೋವೈದ್ಯರು ಇದನ್ನು ಪ್ಯಾನಿಕ್ ಅಟ್ಯಾಕ್ ಎನ್ನುತ್ತಾರೆ. ಭೀತಿಯ ಆಕ್ರಮಣವೆಂದು ನಾವು ಕರೆಯಬಹುದು. ಇದರ ವಿಷಯವಾಗಿ ನಮ್ಮಲ್ಲಿ ಮಾತು ಕಡಮೆ, ಮರೆಮಾಚುವುದು ಹೆಚ್ಚು. ಆದುದರಿಂದಲೇ ಈ ನಾಲ್ಕು ಮಾತು.

ನನಗೆ ಇದರ ಪರಿಚಯವಾದದ್ದು ಬೆಂಗಳೂರಿನಲ್ಲಿ, ಬೊಮ್ಮನಹಳ್ಳಿಯ ಕಡೆಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಮೇಲುರಸ್ತೆಯಲ್ಲಿ. 2010ರಲ್ಲಿ ತೆರೆದ ಈ ರಸ್ತೆ ಸುಮಾರು 10 ಕಿಲೋಮೀಟರ್ ಉದ್ದ. ಹತ್ತಿದವನು ಮನಸ್ಸು ಬಂದಲ್ಲಿ ಇಳಿಯುವಂತಿಲ್ಲ. ಒಂದು ಬೆಳಗ್ಗೆ ಅದರ ನಡುವೆ ನನ್ನ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಅಂಗೈ ಬೆವರಿತು, ಬೆರಳ ತುದಿಗಳು ಜುಮುಗುಟ್ಟಿದವು, ಪ್ರಾಣ ಈಗಲೇ ಹೋಗುವುದೆಂದು ನಿಶ್ಚಯವಾಗಿ ತೋರಿತು. ಎದುರಿಗಿದ್ದುದು ಬರಿಯ ಬಿಸಿಲು, ತೆರವಾದ ರಸ್ತೆ. ಆಮೇಲೆ ವೈದ್ಯರು ಹೃದಯವನ್ನೂ ಥೈರಾಯ್ಡ್ ಗ್ರಂಥಿಯನ್ನೂ ಪರೀಕ್ಷಿಸಿ, ಎರಡೂ ಸರಿಯಾಗಿವೆ ಎಂದರು.

ಬಂಧುಮಿತ್ರರಿಂದ ದೊರೆತ ಉಪದೇಶ ಎರಡು ಬಗೆಯದು. “ಗಂಡಸಾಗಿ ಹೀಗೆ ಹೆದರುವುದೆ? ಧೈರ್ಯ ತಂದುಕೊ” ಎಂಬುದು ಒಂದು, “ಇನ್ನು ಕಾರಿನ ಸಹವಾಸವೇ ಬೇಡ” ಎಂಬುದು ಇನ್ನೊಂದು. ಎರಡೂ ಪ್ರೀತಿಯಿಂದ ಬಂದವೇ. ಆದರೆ ಎರಡೂ ತಪ್ಪು ಎಂಬುದು ನನ್ನ ಅಭಿಪ್ರಾಯ.

ಏಕೆಂದರೆ ಇದು ಹೇಡಿತನದ ಮಾತಲ್ಲ. ದೇಹ ತಪ್ಪಾಗಿ ಬಾರಿಸಿದ ಎಚ್ಚರಿಕೆಯ ಗಂಟೆ. ಆಪತ್ತು ಬಂದಾಗ ಹೋರಾಡುವುದಕ್ಕೋ ಓಡುವುದಕ್ಕೋ ದೇಹ ತಾನೇ ಸಜ್ಜಾಗುತ್ತದೆಂಬುದನ್ನು ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಅಡ್ರಿನಲಿನ್ ರಕ್ತಕ್ಕೆ ಇಳಿಯುತ್ತದೆ, ಗುಂಡಿಗೆ ವೇಗವಾಗುತ್ತದೆ, ಉಸಿರು ಬಿರುಸಾಗುತ್ತದೆ. ಹುಲಿಯನ್ನು ಕಂಡು ಓಡುವವನ ಕಾಲುಗಳಲ್ಲಿ ಆ ಉಸಿರು ವ್ಯಯವಾಗುತ್ತದೆ. ಕಾರಿನಲ್ಲಿ ಕುಳಿತವನಿಗೆ ಓಡುವ ಕೆಲಸವಿಲ್ಲ. ಅವನ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ತಗ್ಗಿ ತಲೆ ಹಗುರಾಗುತ್ತದೆ, ಕೈ ಜುಮುಗುಟ್ಟುತ್ತದೆ. ಇದನ್ನು ಕಂಡು ಅವನು ಮತ್ತಷ್ಟು ಹೆದರುತ್ತಾನೆ. ಆಸ್ಟ್ರೇಲಿಯದ ವೈದ್ಯೆ ಕ್ಲೇರ್ ವೀಕ್ಸ್ ಇಲ್ಲಿ ಎರಡು ಭಯಗಳನ್ನು ಬೇರ್ಪಡಿಸಿ ತೋರಿಸಿದರು. ಮೊದಲನೆಯದು ದೇಹದ್ದು, ತಾನಾಗಿ ಬಂದು ತಾನಾಗಿ ಹೋಗುವುದು. ಎರಡನೆಯದು ಅದಕ್ಕೆ ನಾವು ಕೂಡಿಸುವ “ಅಯ್ಯೋ, ಏನಾಗಿಹೋಗುವುದೋ!” ಎಂಬುದು.

ಧೈರ್ಯದ ಉಪದೇಶ ಏಕೆ ಸಲ್ಲದೆಂಬುದು ಈಗ ಸ್ಪಷ್ಟವಾಗುತ್ತದೆ. ಹಲ್ಲು ಕಚ್ಚಿ ಹೋರಾಡಿದಷ್ಟೂ ಎರಡನೆಯ ಭಯ ಕೊಬ್ಬುತ್ತದೆ. ಬಿಟ್ಟುಬಿಡುವ ಉಪದೇಶ ಇನ್ನೂ ಅಪಾಯದ್ದು. ತಪ್ಪಿಸಿಕೊಂಡಾಗಲೆಲ್ಲ ಸಿಕ್ಕುವ ನೆಮ್ಮದಿ ಭಯಕ್ಕೆ ನಾವು ತೆರುವ ಕಪ್ಪಕಾಣಿಕೆ. ಇಂದು ಮೇಲುರಸ್ತೆ ಬೇಡವೆನ್ನುತ್ತದೆ, ನಾಳೆ ಚಾರ್ಮಾಡಿ ಘಾಟಿ ಬೇಡವೆನ್ನುತ್ತದೆ, ಮುಂದೊಂದು ದಿನ ಮನೆಯ ಮುಂದಿನ ಬೀದಿಯೂ ಬೇಡವಾಗುತ್ತದೆ. ಹೆಂಗಸರ ವಿಷಯದಲ್ಲಂತೂ ಕಾರಿನ ಕೀಲಿಕೈ ಒಮ್ಮೆ ಮನೆಯವರ ಕೈಗೆ ಹೋದರೆ ಮರಳಿ ಬರುವುದು ಕಷ್ಟ; ಅದರೊಡನೆ ಉದ್ಯೋಗವೂ ಹೋದೀತು. ಭಯ ಯಾರನ್ನೂ ಕೊಲ್ಲದೆಯೇ ಬದುಕನ್ನು ಹೀಗೆ ಕಿರಿದುಮಾಡುತ್ತದೆ.

ಹಾಗಾದರೆ ಮಾಡತಕ್ಕದ್ದೇನು? ಮೊದಲ ಸಲ ಎದೆ ನೋವು ಬಂದಾಗ ಇದು ಬರಿಯ ಭಯವೆಂದು ತಾನೇ ತೀರ್ಮಾನಿಸದೆ ವೈದ್ಯರನ್ನು ಕಾಣಬೇಕು. ರೋಗ ಇದೇ ಎಂದು ಗೊತ್ತಾದ ಮೇಲೆ ದಾರಿಯಲ್ಲಿ ಅನುಸರಿಸುವ ಕ್ರಮ ಸರಳವಾದುದು. ವೇಗ ತಗ್ಗಿಸಿ, ಸೂಚಕದೀಪ ಹಾಕಿ, ಎಡಕ್ಕೆ ಸರಿದು, ನಿಲ್ಲಲು ತಕ್ಕ ಜಾಗವಿದ್ದರೆ ನಿಲ್ಲಬೇಕು. ಮೇಲುರಸ್ತೆಯಂಥ ಕಡೆ ಥಟ್ಟನೆ ನಿಲ್ಲಕೂಡದು; ಎಡ ಅಂಚಿನಲ್ಲಿ ನಿಧಾನವಾಗಿ ಸಾಗುತ್ತ, ನಿಲ್ಲಲು ತಕ್ಕ ಎಡೆ ಸಿಕ್ಕುವವರೆಗೆ ಹೋಗಬೇಕು. ಉಸಿರನ್ನು ಎಳೆದುಕೊಳ್ಳುವುದಕ್ಕಿಂತ ಬಿಡುವುದನ್ನು ದೀರ್ಘಮಾಡಬೇಕು. ಅಲೆ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿಮುಟ್ಟಿ ಇಳಿಯತೊಡಗುತ್ತದೆ. ಇಳಿದ ಮೇಲೆ ಸ್ವಲ್ಪವಾದರೂ ಮುಂದೆ ಹೋಗುವುದು ಮುಖ್ಯ. ನಾನು ಆ ರಸ್ತೆಯನ್ನು ಮರಳಿ ಪಡೆದದ್ದು ಭಾನುವಾರದ ಮುಂಜಾವಿನಲ್ಲಿ, ಮೊದಲು ಗೆಳೆಯನೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆಮೇಲೆ ಒಬ್ಬನೇ. ಭಯ ಆಗಲೂ ಬಂತು. ಬರಲಿ ಎಂದು ಅದಕ್ಕೂ ಒಂದು ಆಸನ ಬಿಟ್ಟುಕೊಟ್ಟೆ.

ಚಿಕಿತ್ಸೆಯೂ ಇದೆ. ಆಲೋಚನೆಯ ರೀತಿಯನ್ನೂ ನಡವಳಿಕೆಯನ್ನೂ ತಿದ್ದುವ ಮನಶ್ಚಿಕಿತ್ಸೆ, ಅಗತ್ಯವಾದರೆ ಔಷಧ, ಎರಡೂ ಫಲಕಾರಿ. ಮಂಪರು ತರುವ ಗುಳಿಗೆ ನುಂಗಿ ಮಾತ್ರ ಕಾರು ಓಡಿಸಬಾರದು. ವೈದ್ಯರ ಬಳಿಗೆ ಹೋಗಲು ಸಂಕೋಚಪಡುವವರಿಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿಯುಂಟು; 14416ಕ್ಕೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಕಾರು ಕಲಿಸುವ ಶಾಲೆಗಳು ಎಂಟರ ಆಕಾರದಲ್ಲಿ ತಿರುಗಿಸುವುದನ್ನು ಕಲಿಸುತ್ತವೆ. ಮನಸ್ಸು ಕದಡಿದಾಗ ಗಾಡಿಯನ್ನು ಕ್ಷೇಮವಾಗಿ ನಿಲ್ಲಿಸುವ ಬಗೆಯನ್ನೂ ಒಂದು ಪಾಠವಾಗಿ ಹೇಳಿಕೊಡುವುದು ಅಸಾಧ್ಯವಲ್ಲ. ಇನ್ನು ಮನೆಯವರು ಮಾಡಬಹುದಾದ ಉಪಕಾರ ಕೀಲಿಕೈಯನ್ನು ಬಚ್ಚಿಡುವುದಲ್ಲ, ಪಕ್ಕದ ಆಸನದಲ್ಲಿ ಸುಮ್ಮನೆ ಕುಳಿತುಕೊಳ್ಳುವುದು. ಜ್ವರ ಬಂತೆಂದು ಹೇಳಿಕೊಳ್ಳಲು ಯಾರೂ ನಾಚುವುದಿಲ್ಲ. ಭಯ ಬಂತೆಂದು ಹೇಳಿಕೊಳ್ಳಲೂ ನಾಚಬೇಕಾಗಿಲ್ಲದ ಮನೆ, ಕಚೇರಿ, ಶಾಲೆ ನಮ್ಮದಾದರೆ ಎರಡನೆಯ ಭಯದ ಅರ್ಧ ಬಲ ಅಲ್ಲಿಯೇ ಉಡುಗಿಹೋದೀತು.