ಕಠಿಣ ಪದಗಳ ಪರೀಕ್ಷೆ ಅಳೆಯುವುದೇನನ್ನು?

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಗಳಲ್ಲಿ ಬ್ಯಾರನ್ಸ್ ಪ್ರಕಾಶನದ ಜಿಆರ್‌ಇ ಕೈಪಿಡಿಯ ಹಿಂದಿನ ಆವೃತ್ತಿಗಳು ಕಣ್ಣಿಗೆ ಬೀಳುತ್ತವೆ. ಅದರಲ್ಲಿದ್ದ ಮೂರೂವರೆ ಸಾವಿರ ಪದಗಳ ಪಟ್ಟಿ ಒಂದು ತಲೆಮಾರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳ ನಿದ್ದೆ ಕೆಡಿಸಿತ್ತು. ಅಂಥ ಪ್ರತಿಯನ್ನು ತಿರುವಿದರೆ ‘ಎ’ ಅಕ್ಷರದ ಪುಟಗಳಲ್ಲಿ ಪೆನ್ಸಿಲ್ ಗುರುತುಗಳು ಒತ್ತೊತ್ತಾಗಿರುತ್ತವೆ. ‘ಡಿ’ ದಾಟುವ ಹೊತ್ತಿಗೆ ವಿರಳವಾಗುತ್ತವೆ. ‘ಎಂ’ ನಂತರದ ಹಾಳೆಗಳು ಬಹುಮಟ್ಟಿಗೆ ಹೊಸದಾಗಿಯೇ ಉಳಿದಿರುತ್ತವೆ.

ಪದಸಂಪತ್ತನ್ನು ಪರೀಕ್ಷಿಸಬೇಕೆಂಬ ಆಲೋಚನೆಯಲ್ಲಿ ಮೂಲತಃ ತಪ್ಪೇನಿಲ್ಲ. ಹೆಚ್ಚು ಓದಿದವರಿಗೆ ಹೆಚ್ಚು ಪದಗಳು ತಿಳಿದಿರುತ್ತವೆ. ಆದ್ದರಿಂದ ಪದಜ್ಞಾನವು ಓದಿನ ಕುರುಹು. ಆದರೆ ಕುರುಹನ್ನೇ ಗುರಿಯಾಗಿಸಿದರೆ ಏನಾಗುತ್ತದೆ? ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯನ್ನು ಕುರಿತು ಆಡಿದ ಮಾತಿನ ತಾತ್ಪರ್ಯ ಇಲ್ಲಿಗೂ ಸಲ್ಲುತ್ತದೆ: ಯಾವ ಸೂಚಿಯನ್ನು ನಿಯಂತ್ರಣಕ್ಕಾಗಿ ಬಳಸತೊಡಗುತ್ತೇವೆಯೋ ಆ ಸೂಚಿಯ ವಿಶ್ವಾಸಾರ್ಹತೆ ಕುಸಿಯುತ್ತದೆ. ಪುಸ್ತಕ ಓದದೆ ಪಟ್ಟಿಯನ್ನಷ್ಟೇ ಉರುಹೊಡೆದವರೂ ಪಾಸಾಗುವುದಾದರೆ ಪರೀಕ್ಷೆ ಓದನ್ನು ಅಳೆಯುತ್ತಿಲ್ಲ.

ಈ ಸತ್ಯ ಅಮೆರಿಕದ ಪರೀಕ್ಷಾ ಸಂಸ್ಥೆಗಳಿಗೇ ಮನವರಿಕೆಯಾಯಿತು, ನಿಧಾನವಾಗಿಯಾದರೂ. 1926ರಲ್ಲಿ ಆರಂಭವಾದ ಸ್ಯಾಟ್ ಪರೀಕ್ಷೆಯಿಂದ ವಿರುದ್ಧಾರ್ಥಕ ಪದಗಳ ಪ್ರಶ್ನೆಗಳನ್ನು 1994ರಲ್ಲಿ ಕೈಬಿಡಲಾಯಿತು. ಬಳಿಕ ಪದಸಂಬಂಧದ ಪ್ರಶ್ನೆಗಳ ಸರದಿ. ‘ಓಟಗಾರ–ಮ್ಯಾರಥಾನ್’ ಎಂಬ ಜೋಡಿಗೆ ‘ಹುಟ್ಟುಹಾಕುವವ–ರೆಗಾಟ’ ಎಂಬುದು ಸರಿಯುತ್ತರವಾಗಿದ್ದ ಹಳೆಯ ಪ್ರಶ್ನೆಯೊಂದು ಅಲ್ಲಿ ಕುಪ್ರಸಿದ್ಧ. ರೆಗಾಟ ಎಂದರೆ ದೋಣಿ ಸ್ಪರ್ಧೆ. ವಿಹಾರದೋಣಿ ಇಟ್ಟುಕೊಳ್ಳಬಲ್ಲವರ ಮನೆಯ ಮಕ್ಕಳಿಗೆ ಅದು ಸಹಜವಾಗಿ ತಿಳಿದ ಪದ, ಕಾರ್ಮಿಕರ ಮಕ್ಕಳಿಗೆ ಅಲ್ಲ. 2001ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಕ್ಷ ರಿಚರ್ಡ್ ಅಟ್ಕಿನ್‌ಸನ್, ಸಿರಿವಂತರ ಶಾಲೆಯೊಂದರಲ್ಲಿ ಹನ್ನೆರಡು ವರ್ಷದ ಮಕ್ಕಳು ಇಂಥ ಪ್ರಶ್ನೆಗಳ ಅಭ್ಯಾಸ ಮಾಡುತ್ತಿದ್ದುದನ್ನು ಕಂಡ ಸಂಗತಿಯನ್ನು ಪ್ರಸ್ತಾಪಿಸಿ, ತಮ್ಮ ವಿಶ್ವವಿದ್ಯಾಲಯದ ಪ್ರವೇಶಕ್ಕೆ ಈ ಪರೀಕ್ಷೆಯೇ ಬೇಡವೆಂದು ಸೂಚಿಸಿದರು. ದೊಡ್ಡ ಗಿರಾಕಿ ಕೈತಪ್ಪುವ ಭಯ ಎಂಥ ಸುಧಾರಣೆಗೂ ದಾರಿ ಮಾಡಿಕೊಡುತ್ತದೆ! 2005ರಲ್ಲಿ ಪದಸಂಬಂಧದ ಪ್ರಶ್ನೆಗಳು ಹೋದವು. 2016ರಲ್ಲಿ ಬಿಟ್ಟ ಪದ ತುಂಬುವ ವಾಕ್ಯಗಳೂ ಹೋದವು. ಜಿಆರ್‌ಇ ಕೂಡ 2011ರ ಆಗಸ್ಟ್‌ನಲ್ಲಿ ವಿರುದ್ಧಾರ್ಥಕಗಳನ್ನೂ ಪದಸಂಬಂಧಗಳನ್ನೂ ತೆಗೆದುಹಾಕಿತು. ಪದಗಳ ಪರೀಕ್ಷೆ ಅಲ್ಲಿ ಈಗಲೂ ಇದೆ, ಆದರೆ ವಾಕ್ಯದೊಳಗೆ, ಸಂದರ್ಭದೊಡನೆ.

ನಮ್ಮಲ್ಲಿ? ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗವು ಪದವೀಧರರಿಗಾಗಿ ನಡೆಸುವ ಪರೀಕ್ಷೆಯ ಮೊದಲ ಹಂತದಲ್ಲಿ 200 ಅಂಕಗಳ ಪೈಕಿ 50 ಅಂಕ ಇಂಗ್ಲಿಷಿಗೆ ಮೀಸಲು. ಸಮಾನಾರ್ಥಕ, ವಿರುದ್ಧಾರ್ಥಕ, ನುಡಿಗಟ್ಟು, ಪದಪುಂಜಕ್ಕೊಂದು ಪದ – ಅಮೆರಿಕ ಬಿಟ್ಟ ಸರಕೆಲ್ಲ ಇಲ್ಲಿ ಭದ್ರವಾಗಿದೆ. 2023ರಲ್ಲಿ ಆಯೋಗವು ತನ್ನ ಕೆಳ ಹಂತದ ಕೆಲವು ಪರೀಕ್ಷೆಗಳನ್ನು ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ಬರೆಯಲು ಅವಕಾಶ ನೀಡಿದ್ದು ಸ್ವಾಗತಾರ್ಹ. ಆದರೆ ಅಲ್ಲಿಯೂ ಇಂಗ್ಲಿಷ್ ವಿಭಾಗ ಹಾಗೆಯೇ ಉಳಿದುಕೊಂಡಿತು.

ಅರ್ಥಶಾಸ್ತ್ರದಲ್ಲಿ ಮೈಕೆಲ್ ಸ್ಪೆನ್ಸ್ 1973ರಲ್ಲಿ ಮಂಡಿಸಿದ ಸಂಕೇತ ಸಿದ್ಧಾಂತವೊಂದಿದೆ. 2001ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಉದ್ಯೋಗದಾತನಿಗೆ ಅಭ್ಯರ್ಥಿಯ ಸಾಮರ್ಥ್ಯ ನೇರವಾಗಿ ಕಾಣದು. ಆದ್ದರಿಂದ ಆತ ಪದವಿಯಂಥ ಸಂಕೇತವನ್ನು ನಂಬುತ್ತಾನೆ. ಸಮರ್ಥರಿಗೆ ಆ ಸಂಕೇತ ಗಳಿಸುವ ವೆಚ್ಚ ಕಡಿಮೆ, ಅಸಮರ್ಥರಿಗೆ ಹೆಚ್ಚು ಎಂದಾಗ ಮಾತ್ರ ಆ ನಂಬಿಕೆಗೆ ಆಧಾರವಿರುತ್ತದೆ. ಬಿಡಿ ಪದಗಳ ಪರೀಕ್ಷೆಯಲ್ಲಿ ವೆಚ್ಚ ಕಡಿಮೆಯಾಗುವುದು ಸಮರ್ಥರಿಗಲ್ಲ, ಮನೆಯಲ್ಲಿ ಇಂಗ್ಲಿಷ್ ಪುಸ್ತಕಗಳಿರುವವರಿಗೆ. ಯಾದಗಿರಿಯ ಕನ್ನಡ ಮಾಧ್ಯಮದ ಹುಡುಗಿಯೂ ಜಯನಗರದ ಹುಡುಗನೂ ಸಮಾನ ಬುದ್ಧಿವಂತರಾಗಿದ್ದರೂ ಆಕೆ ಎಷ್ಟೋ ಪಾಲು ಹೆಚ್ಚು ಬೆಲೆ ತೆರಬೇಕು. ಪರೀಕ್ಷೆ ವರದಿ ಮಾಡುವುದು ಅಭ್ಯರ್ಥಿಯ ಮನೆಯನ್ನು.

ಸರ್ಕಾರಿ ಕಚೇರಿಗೆ ಇಂಗ್ಲಿಷೇ ಬೇಡವೆಂದು ನಾನು ಹೇಳಲಾರೆ. ನಿಯಮಾವಳಿ, ನ್ಯಾಯಾಲಯದ ಆದೇಶ, ಕೇಂದ್ರದ ಸುತ್ತೋಲೆಗಳನ್ನು ಓದಿ ಅರ್ಥೈಸಿಕೊಳ್ಳಲೇಬೇಕು. ಆದರೆ ಅಲ್ಲಿ ಎಡವಿಸುವುದು ‘ಆಬ್ಸೀಕ್ವಿಯಸ್’ನಂತಹ ಪದಗಳಲ್ಲ. ‘ಮೇ’ ಎಂದಿರುವಲ್ಲಿ ‘ಶಲ್’ ಎಂದು ಓದಿಕೊಂಡರೆ, ‘ನಾಟ್‌ವಿತ್‌ಸ್ಟ್ಯಾಂಡಿಂಗ್’ ಎಂಬುದರ ವ್ಯಾಪ್ತಿ ಎಲ್ಲಿಯವರೆಗೆಂದು ತಿಳಿಯದಿದ್ದರೆ ಕಡತ ದಾರಿ ತಪ್ಪುತ್ತದೆ. ಇದು ಇಡೀ ವಾಕ್ಯವನ್ನು ಓದುವ ಶಕ್ತಿ, ಪಟ್ಟಿಯಿಂದ ಬರುವಂಥದ್ದಲ್ಲ.

ಪಟ್ಟಿ ಇನ್ನೊಂದು ಅನಾಹುತವನ್ನೂ ಮಾಡುತ್ತದೆ. ‘ಲೊಕ್ವೇಷಸ್’, ‘ಗ್ಯಾರ್ಯುಲಸ್’, ‘ಎಲೊಕ್ವೆಂಟ್’ ಮೂರನ್ನೂ ‘ಹೆಚ್ಚು ಮಾತನಾಡುವವ’ ಎಂಬ ಒಂದೇ ಗೂಟಕ್ಕೆ ಕಟ್ಟಿಬಿಡುವ ಅಭ್ಯಾಸ ಅದರಿಂದ ಬರುತ್ತದೆ. ವಾಗ್ಮಿಯೇ ಬೇರೆ, ವಾಚಾಳಿಯೇ ಬೇರೆ, ಹರಟೆಮಲ್ಲನೇ ಬೇರೆ ಎಂಬುದು ಕನ್ನಡ ಬಲ್ಲ ಯಾರಿಗೂ ಗೊತ್ತು. ಆ ವಿವೇಕವನ್ನೇ ಬಳಸಿ ಇಂಗ್ಲಿಷ್ ಕಲಿಸಬಾರದೇಕೆ? ‘ವಚ್’ ಧಾತುವಿನಿಂದ ವಚನ, ವಾಚಕ, ಉಕ್ತಿ, ವಕ್ತಾರ ಹುಟ್ಟಿದಂತೆಯೇ ಲ್ಯಾಟಿನ್ ಮೂಲಗಳಿಂದ ಇಂಗ್ಲಿಷ್ ಪದಗಳ ಕುಟುಂಬಗಳು ಹುಟ್ಟಿವೆ. ‘ವೊಕ್ಯಾಬುಲರಿ’ ಎಂಬ ಪದದ ಮೂಲವೂ ನಮ್ಮ ‘ವಾಕ್’ ಶಬ್ದಕ್ಕೆ ಜ್ಞಾತಿಯೇ. ಬಾಯಿಪಾಠವನ್ನು ನಾನು ಹಳಿಯುತ್ತಿಲ್ಲ. ಅಮರಕೋಶವನ್ನು ಬಾಯಿಪಾಠ ಮಾಡಿಯೇ ನಮ್ಮ ಹಿರಿಯರು ಕಾವ್ಯಕ್ಕೆ ಕಾಲಿಟ್ಟರು. ಆದರೆ ಅಮರಸಿಂಹ ಪದಗಳನ್ನು ಅಕಾರಾದಿಯಾಗಿ ಸುರಿಯಲಿಲ್ಲ. ಅರ್ಥಾನುಸಾರ ವರ್ಗಗಳನ್ನು ಮಾಡಿ, ಛಂದಸ್ಸಿನಲ್ಲಿ ಕಟ್ಟಿ ಕೊಟ್ಟ. ಅದರ ಮುಂದಿನ ಮೆಟ್ಟಿಲು ಓದು.

ಬರಹವೊಂದನ್ನು ನೆರವಿಲ್ಲದೆ ಅರ್ಥ ಮಾಡಿಕೊಳ್ಳಲು ಅದರ ನೂರು ಪದಗಳಲ್ಲಿ ಸುಮಾರು 98 ಗೊತ್ತಿರಬೇಕೆಂದೂ, ಇಂಗ್ಲಿಷ್ ದಿನಪತ್ರಿಕೆ, ಕಾದಂಬರಿಗಳ ಮಟ್ಟಕ್ಕೆ ಎಂಟೊಂಬತ್ತು ಸಾವಿರ ಪದಕುಟುಂಬಗಳು ಬೇಕೆಂದೂ ನ್ಯೂಜಿಲೆಂಡಿನ ಭಾಷಾತಜ್ಞ ಪಾಲ್ ನೇಷನ್ ಅವರ ಅಧ್ಯಯನಗಳು ಹೇಳುತ್ತವೆ. ಮೊದಲು ಬೇಕಾದುದು ಅಧಿಕ ಬಳಕೆಯ ಪದಗಳು. ಕೋಚಿಂಗ್ ಕೇಂದ್ರಗಳ ಪಟ್ಟಿಗಳು ಈ ಅಡಿಪಾಯವನ್ನು ಹಾರಿ ನೇರವಾಗಿ ಅಪರೂಪದ ಪದಗಳಿಗೆ ನೆಗೆಯುತ್ತವೆ.

ಪರೀಕ್ಷೆ ಬದಲಾಗದೆ ಬೋಧನೆ ಬದಲಾಗದು. 2014ರಲ್ಲಿ ದೆಹಲಿಯ ಬೀದಿಗಳಲ್ಲಿ ಪ್ರತಿಭಟನೆ ನಡೆದ ಮೇಲೆ ನಾಗರಿಕ ಸೇವೆಗಳ ಪೂರ್ವಭಾವಿ ಪರೀಕ್ಷೆಯಲ್ಲಿ ಇಂಗ್ಲಿಷ್ ಗ್ರಹಿಕೆಯ ಅಂಕಗಳನ್ನು ಅರ್ಹತಾ ಪಟ್ಟಿಗೆ ಪರಿಗಣಿಸದಿರಲು ಸರ್ಕಾರ ಒಪ್ಪಿತು. ಮರುವರ್ಷ ಆ ಇಡೀ ಪತ್ರಿಕೆಯಲ್ಲಿ ಶೇ 33 ಅಂಕ ಪಡೆದರೆ ಸಾಕೆಂದಾಯಿತು. ಸಿಬ್ಬಂದಿ ನೇಮಕಾತಿ ಆಯೋಗದಿಂದ ಅಷ್ಟು ದೊಡ್ಡ ಬದಲಾವಣೆಯನ್ನೂ ಕೇಳಬೇಕಿಲ್ಲ. ಬಿಡಿ ಪದಗಳ ಪ್ರಶ್ನೆಗಳನ್ನು ತೆಗೆದು, ಆ ಅಂಕಗಳನ್ನು ಕಚೇರಿ ಸುತ್ತೋಲೆ, ನಿಯಮ, ಅರ್ಜಿಯಂತಹ ಗದ್ಯಭಾಗಗಳ ಗ್ರಹಿಕೆಗೆ ವರ್ಗಾಯಿಸಿದರೆ ಸಾಕು. ಅದಕ್ಕೆ ಹೊಸ ಕಾನೂನು ಬೇಡ. ಪಠ್ಯಕ್ರಮದ ಒಂದು ತಿದ್ದುಪಡಿ, ಮುಂದಿನ ಅಧಿಸೂಚನೆಗೆ ಮುನ್ನ.