ಜಿನ್ ಲೋಟದ ಮುಕ್ಕಾಲು ಪಾಲು

ಮನೆಯಲ್ಲಿಯೇ ಜಿನ್ ಕಾಕ್‌ಟೈಲ್ ಬೆರೆಸಿಕೊಳ್ಳುವ ಹವ್ಯಾಸ ಬೆಂಗಳೂರಿನ ಮಧ್ಯಮ ವರ್ಗಕ್ಕೆ ಹೊಸದೇನಲ್ಲ. 2017ರಿಂದೀಚೆಗೆ ಗೋವಾದಲ್ಲಿ ತಯಾರಾಗುತ್ತಿರುವ ದೇಶೀಯ ಜಿನ್‌ಗಳು ಅದಕ್ಕೆ ಮತ್ತಷ್ಟು ಇಂಬು ನೀಡಿವೆ. ಇದು ಮದ್ಯದಂಗಡಿಯವರಿಗೆ ಮಾತ್ರ ಸಂಬಂಧಿಸಿದ ಸಂಗತಿಯೆಂದು ಮಧುರೆ, ದೊಡ್ಡಬಳ್ಳಾಪುರ, ದೇವನಹಳ್ಳಿಯ ಸಣ್ಣ ಉದ್ಯಮಿಗಳು ಭಾವಿಸಬೇಕಾಗಿಲ್ಲ. ಲೋಟದಲ್ಲಿ 60 ಮಿ.ಲೀ. ಜಿನ್ ಇದ್ದರೆ ಅದಕ್ಕೆ ಬೆರೆಯುವ ಟಾನಿಕ್, ಸೋಡಾ ಅಥವಾ ಹಣ್ಣಿನ ರಸ 150ರಿಂದ 180 ಮಿ.ಲೀ.ವರೆಗೆ ಇರುತ್ತದೆ. ಮದ್ಯ ತಯಾರಿಕೆಗೆ ಅಬಕಾರಿ ಪರವಾನಗಿಯ ಕೋಟೆಯನ್ನೇ ದಾಟಬೇಕು; ಉಳಿದ ಮುಕ್ಕಾಲು ಪಾಲು ಆಹಾರ ಸುರಕ್ಷತಾ ಕಾಯಿದೆಯ ವ್ಯಾಪ್ತಿಗೆ ಬರುವ ಸಾಮಾನ್ಯ ಪಾನೀಯ.

ಈ ಮುಕ್ಕಾಲು ಪಾಲಿಗೆ ದೇವನಹಳ್ಳಿಯ ಚಕ್ಕೋತಕ್ಕಿಂತ ಯೋಗ್ಯವಾದ ಹಣ್ಣು ದೊರೆಯುವುದು ಕಷ್ಟ. ಲೋಟದ ಅಂಚಿಗೆ ಉಪ್ಪು ಸವರಿ, ಜಿನ್ನಿಗೆ ಗ್ರೇಪ್‌ಫ್ರೂಟ್ ರಸ ಬೆರೆಸಿ ಪಾಶ್ಚಾತ್ಯರು ‘ಸಾಲ್ಟಿ ಡಾಗ್’ ಎಂಬ ಪಾನೀಯ ಮಾಡುತ್ತಾರೆ. ಆ ಗ್ರೇಪ್‌ಫ್ರೂಟ್ ಚಕ್ಕೋತ ಮತ್ತು ಕಿತ್ತಳೆಯ ಸಂಕರದಿಂದ ಹುಟ್ಟಿದ ಹಣ್ಣು. ಉಪ್ಪು ಖಾರ ಹಚ್ಚಿ ಚಕ್ಕೋತ ತಿಂದು ಬೆಳೆದ ಈ ಸೀಮೆಯವರಿಗೆ ಆ ರುಚಿಯನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ದಪ್ಪ ಸಿಪ್ಪೆ ಸುಲಿದು, ತೊಳೆಯ ಮೇಲಿನ ಪೊರೆಯನ್ನು ಒಂದೊಂದಾಗಿ ಬಿಡಿಸದಿದ್ದರೆ ರಸ ಕಹಿಯಾಗುತ್ತದೆ. ಹವ್ಯಾಸಿಯ ಉತ್ಸಾಹ ಎರಡು ಭಾನುವಾರಗಳಿಗೇ ಮುಗಿಯುತ್ತದೆ. ಮೂರನೆಯ ವಾರ ಆತ ಅಂಗಡಿಯಲ್ಲಿ ಬಾಟಲಿ ಹುಡುಕುತ್ತಾನೆ. ಸ್ವಚ್ಛವಾಗಿ ಪೊರೆ ತೆಗೆದು, ಸಕ್ಕರೆ ಸುರಿಯದೆ, 200 ಮಿ.ಲೀ. ಬಾಟಲಿಯಲ್ಲಿ ರಸ ಒದಗಿಸುವವನಿಗೆ ಅಲ್ಲಿ ಗಿರಾಕಿ ಸಿದ್ಧನಿದ್ದಾನೆ.

ಇಲ್ಲಿ ತೆರಿಗೆಯ ಲೆಕ್ಕವನ್ನು ಎಚ್ಚರದಿಂದ ಗಮನಿಸಬೇಕು. 2025ರ ಸೆಪ್ಟೆಂಬರ್ 22ರಿಂದ ಹಣ್ಣಿನ ರಸದ ಪಾನೀಯಗಳ ಜಿ.ಎಸ್.ಟಿ. ಶೇ. 12ರಿಂದ 5ಕ್ಕೆ ಇಳಿಯಿತು. ಅದೇ ರಸಕ್ಕೆ ಗ್ಯಾಸ್ ತುಂಬಿದರೆ ಶೇ. 40! ಸಕ್ಕರೆಯಾಗಲಿ ಸುವಾಸನೆಯಾಗಲಿ ಇಲ್ಲದ ಬರಿಯ ಸೋಡಾ ಮಾತ್ರ ಶೇ. 5ರ ಸಾಲಿನಲ್ಲಿದೆ. ಆದ್ದರಿಂದ ತಯಾರಕರು ಸದ್ಯಕ್ಕೆ ಗ್ಯಾಸಿನ ಗೊಡವೆಗೆ ಹೋಗದೆ ರಸವನ್ನಷ್ಟೇ ಮಾರುವುದು ಜಾಣತನ. ಸೋಡಾ ಬೆರೆಸುವ ಕೆಲಸ ಹೇಗೂ ಹವ್ಯಾಸಿಗೆ ಪ್ರಿಯವಾದದ್ದೇ. ಆದರೂ ಕೋಲಾದ ಸಕ್ಕರೆ ನೀರನ್ನೂ ರೈತನ ಹಣ್ಣಿನ ರಸವನ್ನೂ ಗುಳ್ಳೆಯ ಕಾರಣಕ್ಕಾಗಿ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಜಿ.ಎಸ್.ಟಿ. ಮಂಡಳಿಯ ಮುಂದೆ ಈ ಅಹವಾಲನ್ನು ವಾಣಿಜ್ಯ ಸಂಸ್ಥೆಗಳು ಒಟ್ಟಾಗಿ ಮಂಡಿಸತಕ್ಕದ್ದು.

ವಿಳಂಬಕ್ಕೆ ಅವಕಾಶವಿಲ್ಲ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣ ತೆರೆದ ಮೇಲೆ ಭೂಮಿಯ ಬೆಲೆ ಏರಿ, ಚಕ್ಕೋತದ ತೋಟಗಳು ನಿವೇಶನಗಳಾಗುತ್ತ ಬಂದಿವೆ. ಜಿ.ಐ. ಮಾನ್ಯತೆ ಹಣ್ಣಿನ ಹೆಸರನ್ನು ಕಾಯುತ್ತದೆಯೇ ಹೊರತು ಗಿಡವನ್ನಲ್ಲ. ವರ್ಷವೂ ನಿಗದಿತ ಬೆಲೆಗೆ ಕೊಳ್ಳುವ ಕಾರ್ಖಾನೆಯೊಂದು ಹತ್ತಿರದಲ್ಲಿದ್ದರೆ ಗಿಡ ಕಡಿಯುವ ಮುನ್ನ ರೈತ ಇನ್ನೊಮ್ಮೆ ಯೋಚಿಸಿಯಾನು. ಮದ್ಯದ ನಂಟು ಬೇಡವೆನ್ನುವ ಉದ್ಯಮಿಯೂ ಸಂಕೋಚಪಡಬೇಕಾಗಿಲ್ಲ. ಶನಿವಾರಗಳಂದು ಮಧುರೆಯ ಶನಿಮಹಾತ್ಮನ ದರ್ಶನಕ್ಕೆ ಬರುವ ಭಕ್ತರಿಗೂ ಅದೇ ಬಾಟಲಿಯನ್ನು ಮಾರಬಹುದು; ಅದರೊಳಗೆ ಚಕ್ಕೋತದ ರಸವಲ್ಲದೆ ಬೇರೇನೂ ಇರುವುದಿಲ್ಲ.